ಅಮ್ಮ ‘ರದ್ದು’ ಒತ್ತೋಕೆ ಹೆದರಿದ್ದನ್ನೇ ಅರ್ಜಿಲಿ ಬರೆದೆ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಿಮ್ಮ ಪತ್ರಿಕೆ ಜತೆ ಬಂದ ಶಿಕ್ಷಣ ಪುರವಣಿನ ಅಪ್ಪ ನನಗೋಸ್ಕರ ಎತ್ತಿಟ್ಟಿದ್ರು, ಊರಿಗೆ ಹೋದಾಗ ಕೂತು ಓದ್ದೆ. ಸಿಇಟಿ, ನೀಟ್, ಕಾಮೆಡ್‌ಕೆ, ಮತ್ತೆ ಸಿಇಟಿ, ಯಾವ ಕಾಲೇಜಲ್ಲಿ ಎಷ್ಟು ರ‍್ಯಾಂಕಿಗೆ ಸೀಟು, ಕೊನೇ ಪೇಜಲ್ಲಿ ವಿದೇಶದಲ್ಲಿ ಓದೋದರ ಬಗ್ಗೆ ಒಂದು ಲೇಖನ, ಅದ್ರಲ್ಲೂ ಎಂಎಸ್ ಅಂದ್ರೆ ಕಂಪ್ಯೂಟರ್ ಸೈನ್ಸು ಇಲ್ಲಾ ಡೇಟಾ ಸೈನ್ಸು ಅಷ್ಟೇ. ತಪ್ಪು ಅಂತಿಲ್ಲ, ಓದೋರು ಕೇಳೋದೇ ಅದನ್ನ ಅಂತ ನನಗೂ ಗೊತ್ತು. ಆದ್ರೆ ನಾನು ಅರ್ಜಿ ಹಾಕಿದ ಕೋರ್ಸಿನ ಬಗ್ಗೆ ಕನ್ನಡದಲ್ಲಿ ಒಂದೇ ಒಂದು ಪ್ಯಾರಾ ಎಲ್ಲಾದ್ರೂ ಸಿಕ್ಕಿದ್ರೂ ನನಗೆ ಒಂದು ವರ್ಷ ಮತ್ತೆ ಅರ್ಜಿ ಹಾಕಿಸೋ ಕನ್ಸಲ್ಟೆನ್ಸಿಗೆ ಕಟ್ಟಿದ ಅರುವತ್ತು ಸಾವಿರ ರೂಪಾಯಿ ಉಳೀತಿತ್ತು, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗತ್ತೆ, ಕತ್ತರಿ ಹಾಕೋದಾದ್ರೆ ನನ್ನ ಕತೆಗೆ ಹಾಕಿ, ಅಮ್ಮನ ಕತೆಗೆ ಬೇಡ.

ಕೋರ್ಸಿನ ಹೆಸರು ಹ್ಯೂಮನ್ ಕಂಪ್ಯೂಟರ್ ಇಂಟರಾಕ್ಷನ್ ಅಂಡ್ ಡಿಸೈನ್, ಚಿಕ್ಕದಾಗಿ ಎಚ್‌ಸಿಐ ಅಂತಾರೆ. ಮಷೀನು, ಆ್ಯಪು ಇಂಥವನ್ನ ಜನಕ್ಕೆ ಸಲೀಸಾಗಿ ಬಳಸೋಕೆ ಆಗೋ ಹಾಗೆ ರೂಪಿಸೋ ಓದು. ನಾನು ಇದಕ್ಕೆ ಸೇರ್ತೀನಿ ಅಂದಾಗ ಪಕ್ಕದ್ಮನೆ ಆಂಟಿ ‘ಇಷ್ಟು ವರ್ಷ ಕಂಪ್ಯೂಟರ್ ಓದಿ ಈಗ ಚಿತ್ರ ಬಿಡಿಸೋಕೆ ಹೋಗ್ತೀಯೇನೇ’ ಅಂದ್ರು. ಅವರಿಗೆ ನಾನು ಕೊಟ್ಟ ಉದಾಹರಣೆ ಓಟಿನ ಮಷೀನು. ನಮ್ಮಜ್ಜಿಗೆ ಓದೋಕೆ ಬರ್ತಿರ್ಲಿಲ್ಲ, ಆದ್ರೂ ಒಂದು ಎಲೆಕ್ಷನ್ನೂ ತಪ್ಪಿಸಿದವರಲ್ಲ. ಬೂತೊಳಗೆ ಹೋಗಿ ಚಿಹ್ನೆ ಹುಡುಕಿ, ಅದರ ಪಕ್ಕದ ನೀಲಿ ಬಟನ್ ಒತ್ತಿ, ಉದ್ದಕ್ಕೆ ಬೀಪ್ ಅಂತ ಕೂಗಿದ ಮೇಲೆ ಸೆರಗು ಸರಿ ಮಾಡ್ಕೊಂಡು ಆಚೆ ಬರೋರು. ಎರಡು ಸಲ ಒತ್ತಿದ್ರೂ ಒಂದೇ ಓಟು, ಕಣ್ಣು ಕಾಣದವರಿಗೆ ಬಟನ್ ಪಕ್ಕದಲ್ಲಿ ಬ್ರೈಲ್, ಈಚೆಗೆ ಚೀಟಿ ತೋರಿಸೋ ಮಷೀನು ಬಂದಿದೆಯಲ್ಲ ಅದ್ರಲ್ಲಿ ಚೀಟಿ 7 ಸೆಕೆಂಡ್ ಕಾಣತ್ತೆ. ಇದೆಲ್ಲ ಯಾರೋ ಕೂತು ಅಜ್ಜಿಯಂಥವರನ್ನ ತಲೇಲಿಟ್ಕೊಂಡು ಯೋಚನೆ ಮಾಡಿರೋದು. ಈ ಮಷೀನು ತಯಾರಾಗೋದು ನಮ್ಮ ಬೆಂಗಳೂರಿನ ಬಿಇಎಲ್‌ನಲ್ಲಿ, ಹೈದರಾಬಾದಿನ ಇಸಿಐಎಲ್‌ನಲ್ಲೂ ಮಾಡ್ತಾರೆ, ಅದರ ಆಕಾರ ವಿನ್ಯಾಸದಲ್ಲಿ ಐಐಟಿ ಬಾಂಬೆಯ ಐಡಿಸಿ ಅನ್ನೋ ಡಿಸೈನ್ ಶಾಲೆಯ ಮೇಷ್ಟ್ರುಗಳ ಕೈ ಇದೆ. ಆ ಶಾಲೆ 1969ರದ್ದು. ಅಂದ್ರೆ ಇದೇನು ನಿನ್ನೆ ಮೊನ್ನೆ ಅಮೆರಿಕದಿಂದ ಇಳಿದ ಫ್ಯಾಷನ್ ಅಲ್ಲ. ಆಂಟಿ ‘ಓ ಹಂಗಾ’ ಅಂದ್ರು, ಆಮೇಲೆ ‘ಅದಕ್ಕೆ ಸಂಬಳ ಎಷ್ಟು ಬರತ್ತೆ’ ಅಂದ್ರು.

ನಾನು ಓದಿದ್ದು ಇನ್ಫರ್ಮೇಶನ್ ಸೈನ್ಸ್ ಬಿಇ, ಆಮೇಲೆ ಬೆಂಗಳೂರಲ್ಲಿ ನಾಲ್ಕು ವರ್ಷ ಟೆಸ್ಟಿಂಗ್ ಕೆಲಸ. ಬಗ್, ಅಂದ್ರೆ ಸಾಫ್ಟ್‌ವೇರಿನ ತಪ್ಪು, ಹುಡುಕಿ ಹುಡುಕಿ ಒಂದು ಅರ್ಥ ಆಯ್ತು, ಸಾಫ್ಟ್‌ವೇರ್ ಪ್ರಕಾರ ಎಲ್ಲ ಸರಿಯಾಗಿದ್ರೂ ಜನಕ್ಕೆ ಅದನ್ನ ಬಳಸೋಕೆ ಆಗ್ತಿಲ್ಲ, ಆದ್ರೆ ಅದನ್ನ ಬಗ್ ಅಂತ ಬರೆದ್ರೆ ‘ಯೂಸರ್ ಎರರ್’, ಬಳಸೋರದೇ ತಪ್ಪು ಅಂತ ಕ್ಲೋಸ್ ಮಾಡ್ತಾರೆ. ಆ ಸಿಟ್ಟಿಗೇ ಈ ಕೋರ್ಸ್ ಹುಡುಕಿದ್ದು. ಇದಕ್ಕೆ ಮಾರ್ಕ್ಸ್ ಕಾರ್ಡ್ ಒಂದೇ ಸಾಲಲ್ಲ, ಪೋರ್ಟ್‌ಫೋಲಿಯೊ ಅಂತ ಕೊಡಬೇಕು, ನೀವು ಮಾಡಿದ ಎರಡು ಮೂರು ಡಿಸೈನ್ ಕೆಲಸ, ಯಾಕೆ ಮಾಡಿದ್ರಿ, ಹೆಂಗೆ ಮಾಡಿದ್ರಿ, ಎಲ್ಲಿ ಎಡವಿದ್ರಿ, ಎಲ್ಲ ತೋರಿಸಬೇಕು. ಇದು ಗೊತ್ತಿಲ್ಲದೆ ಕನ್ಸಲ್ಟೆನ್ಸಿಗೆ ಹೋದೆ, ಹೆಸರು ಬೇಡ ಬಿಡಿ. ಅವರು ಒಂದು ಹಾಡು ಕೇಳೋ ಆ್ಯಪ್ ಕೊಟ್ಟು ಬಣ್ಣ ಬದಲಾಯಿಸಿ ಹೊಸದಾಗಿ ಮಾಡಿ ಅಂದ್ರು. ನಾನು ನಮ್ಮೂರ ಕೊಬ್ಬರಿ ಮಾರ್ಕೆಟ್ಟಿನ ಬಗ್ಗೆ ಏನಾದ್ರೂ ಮಾಡ್ಲಾ ಅಂತ ಕೇಳ್ದೆ. ಊರಿಂದೆಲ್ಲ ಬೇಡ, ಗ್ಲೋಬಲ್ ಆಗಿರ್ಲಿ ಅಂದ್ರು. ಎಸ್‌ಒಪಿ ಅಂತ ಎರಡು ಪುಟದ ಪ್ರಬಂಧ ಇರತ್ತೆ, ಅದ್ರಲ್ಲಿ ಚಿಕ್ಕಂದಿನಿಂದ್ಲೂ ನನಗೆ ಡಿಸೈನ್ ಅಂದ್ರೆ ಪ್ರಾಣ ಅಂತ ಬರೆಸಿದ್ರು, ಸುಳ್ಳು, ಚಿಕ್ಕಂದಿನಲ್ಲಿ ನನಗೆ ಆ ಪದಾನೇ ಗೊತ್ತಿರ್ಲಿಲ್ಲ. ಆಮೇಲೆ ಜತೆಲಿದ್ದ ಹುಡುಗಿ ತನ್ನದು ತೋರಿಸಿದ್ಲು, ಮೊದಲನೇ ಸಾಲು ಅಕ್ಷರಾನೂ ಬಿಡದೆ ನನ್ನದೇ. ಐದು ಕಡೆ ಹಾಕಿದ್ದೆ, ಐದೂ ರಿಜೆಕ್ಟ್.

ರೆಕಮಂಡೇಶನ್ ಲೆಟರ್ ಕತೆ ಇನ್ನೊಂದು. ಕಾಲೇಜಲ್ಲಿ ಕೇಳೋಕೆ ಹೋದ್ರೆ ನೀವೇ ಟೈಪ್ ಮಾಡ್ಕೊಂಡು ಬನ್ನಿ ಸೈನ್ ಹಾಕ್ತೀನಿ ಅಂತಾರೆ. ನನ್ನನ್ನ ನಾನೇ ಹೊಗಳ್ಕೊಂಡು ಎರಡು ಪುಟ ಬರೆಯೋದು ಎಂಥ ಮುಜುಗರ ಅಂತ ಬರೆದೋರಿಗೇ ಗೊತ್ತು.

ಈಗ ಅಮ್ಮನ ವಿಷಯ. ರಿಜೆಕ್ಟ್ ಆದ ವರ್ಷ ಯುಗಾದಿಗೆ ಮನೆಗೆ ಹೋದೆ, ತಿಪಟೂರಿಗೆ. ಅಮ್ಮ ಫೋನನ್ನ ಅಕ್ಕಿ ಡಬ್ಬದ ಮೇಲೆ ಮಗುಚಿ ಇಟ್ಟಿದ್ರು. ಯಾಕಮ್ಮ ಅಂದ್ರೆ, ‘ಕರೆಂಟ್ ಬಿಲ್ ಕಟ್ಟೋಕೆ ಹೋದೆ ಕಣೆ, ನಂಬರ್ ತಪ್ಪಾಯ್ತು, ಏನೂ ಒತ್ತದೆ ಹಂಗೇ ಇಟ್ಟಿದೀನಿ, ನೀನೇ ನೋಡು’ ಅಂದ್ರು. ತೆಗೆದು ನೋಡಿದ್ರೆ ಕನ್ನಡದಲ್ಲೇ ಇದೆ, ಎರಡು ಬಟನ್, ಒಂದು ‘ಮುಂದುವರಿಸಿ’ ಇನ್ನೊಂದು ‘ರದ್ದುಗೊಳಿಸಿ’. ರದ್ದು ಒತ್ತಬೇಕಿತ್ತಮ್ಮ ಅಂದೆ. ಅಮ್ಮ ನನ್ನ ಮುಖ ನೋಡಿ, ‘ರೇಷನ್ ಕಾರ್ಡ್ ರದ್ದು ಮಾಡಿದ್ರಲ್ಲ ಆಚೆ ಬೀದಿಯವರದ್ದು, ಹಂಗೆ ಕರೆಂಟೇ ರದ್ದಾಗಿಬಿಟ್ರೆ?’ ಅಂದ್ರು.

ನನಗೆ ಮಾತೇ ಬರಲಿಲ್ಲ. ಇಂಗ್ಲಿಷಿನ ಕ್ಯಾನ್ಸಲ್‌ಗೆ ಡಿಕ್ಷನರಿ ನೋಡಿ ಯಾರೋ ರದ್ದು ಅಂತ ಹಾಕಿದಾರೆ, ಅರ್ಥ ಏನೋ ಸರಿ, ಆದ್ರೆ ನಮ್ಮ ಬೀದಿಲಿ ಆ ಪದ ಕೇಳಿಸೋದು ಯಾವಾಗ? ಪಿಂಚಣಿ ರದ್ದಾದಾಗ, ಬಸ್ಸು ರದ್ದಾದಾಗ, ಕಾರ್ಡು ರದ್ದಾದಾಗ. ಅಮ್ಮ ಹೆದರಿದ್ದು ಫೋನಿಗಲ್ಲ, ಸರ್ಕಾರಿ ಕನ್ನಡಕ್ಕೆ.

ಇನ್ನೊಂದು, ಅಡುಗೆಮನೆ ಗೋಡೆ ಮೇಲಿನ ಕ್ಯಾಲೆಂಡರ್. ಅಮ್ಮ ಅದ್ರಲ್ಲಿ ಹಾಲಿನ ಲೆಕ್ಕ ಬರೀತಾರೆ, ಅರ್ಧ, ಒಂದು, ಬಂದಿಲ್ಲ, ಹೀಗೆ. ಅದರ ಪಕ್ಕದಲ್ಲೇ ಆರಾರು ಅಂಕಿಯ ನಂಬರ್‌ಗಳು. ಏನಿದು ಅಂದ್ರೆ ಒಟಿಪಿ. ಮೆಸೇಜ್ ನೋಡೋಕೆ ಆ್ಯಪ್‌ನಿಂದ ಹೊರಗೆ ಬರಬೇಕು, ವಾಪಸ್ ಹೋಗೋಷ್ಟರಲ್ಲಿ ನಂಬರ್ ಮರೆತುಹೋಗತ್ತೆ, ಅದಕ್ಕೆ ಕ್ಯಾಲೆಂಡರಲ್ಲಿ ಬರ್ಕೊಳೋದು, ಬರ್ಕೊಂಡು ಬರೋಷ್ಟರಲ್ಲಿ ಆ್ಯಪ್ ಮೊದಲಿಂದ ಶುರು. ಒಂದು ತಿಂಗಳ ಪುಟದಲ್ಲಿ ಹದಿನೇಳು ಒಟಿಪಿ ಎಣಿಸಿದೆ, ಅದ್ರಲ್ಲಿ ಕೆಲಸಕ್ಕೆ ಬಂದಿದ್ದು ಎರಡೋ ಮೂರೋ. ಆ ಪುಟದ ಫೋಟೋ ತೆಗೆದೆ, ಎರಡನೇ ಸಲ ಅರ್ಜಿ ಹಾಕುವಾಗ ನನ್ನ ಪೋರ್ಟ್‌ಫೋಲಿಯೊದ ಮೊದಲನೇ ಪೇಜ್ ಅದೇ.

ಆಮೇಲೆ ಮನೇಲಿದ್ದ ಹಳೇ ಲಗ್ನಪತ್ರಿಕೆಗಳ ಹಿಂದಿನ ಖಾಲಿ ಬದಿಯಲ್ಲಿ ಸ್ಕ್ರೀನ್ ಬರೆದು, ಅಮ್ಮನ ಸ್ತ್ರೀಶಕ್ತಿ ಸಂಘದ ಏಳು ಜನರ ಕೈಗೆ ಕೊಟ್ಟು ಇದೇ ಫೋನ್ ಅಂದ್ಕೊಳಿ, ಬಿಲ್ ಕಟ್ಟಿ ಅಂದೆ. ನಕ್ಕರು, ಆದ್ರೆ ಒತ್ತಿದ್ರು. ರದ್ದು ತೆಗೆದು ‘ಹಿಂದೆ’ ಅಂತ ಹಾಕಿದ್ದೆ, ಒಬ್ಬರು ಹಿಂದೆ ಅಂದ್ರೆ ಹೋದ ತಿಂಗಳ ಬಿಲ್ಲಾ ಅಂದ್ರು. ಕೊನೆಗೆ ಅವರೇ ಹೇಳಿದ ಪದ ‘ಬೇಡ, ವಾಪಸ್’. ಚೆನ್ನಾಗಿ ಪೆಟ್ಟು ತಿಂದಿದ್ದು ಇನ್ನೊಂದು ಕಡೆ, ಮೊದಲನೇ ಪುಟಕ್ಕೆ ಹೋಗೋಕೆ ಎಲ್ಲಾ ಆ್ಯಪಲ್ಲೂ ಒಂದು ಮನೆ ಚಿತ್ರ ಇರತ್ತಲ್ಲ, ನಾನೂ ಅದನ್ನೇ ಬರೆದಿದ್ದೆ, ಏಳರಲ್ಲಿ ಐದು ಜನ ಅದನ್ನ ಮನೆ ಕಂದಾಯ ಕಟ್ಟೋ ಬಟನ್ ಅಂದ್ಕೊಂಡ್ರು! ಇದನ್ನ ಪೋರ್ಟ್‌ಫೋಲಿಯೊದಲ್ಲಿ ಮುಚ್ಚಿಡೋಣ ಅಂತಿದ್ದೆ, ಹಾಳಾಗ್ಲಿ ಅಂತ ಹಾಕಿದೆ. ಇಂಟರ್‌ವ್ಯೂನಲ್ಲಿ ಅರ್ಧ ಹೊತ್ತು ಕೇಳಿದ್ದು ಆ ಮನೆ ಕಂದಾಯದ ಬಗ್ಗೇನೇ, ಹಾಡಿನ ಆ್ಯಪ್ ಇದ್ದಿದ್ರೆ ಏನು ಕೇಳ್ತಿದ್ರೋ.

ಎಲ್ಲೆಲ್ಲಿ ಇದೆ ಅನ್ನೋದನ್ನೂ ಹೇಳಿಬಿಡ್ತೀನಿ, ಓದೋರಿಗೆ ಉಪಯೋಗ ಆಗ್ಲಿ. ನಮ್ಮ ದೇಶದಲ್ಲಿ ಇದನ್ನ ಎಂ.ಡಿಸ್, ಅಂದ್ರೆ ಮಾಸ್ಟರ್ ಆಫ್ ಡಿಸೈನ್ ಅಂತ ಓದ್ತಾರೆ. ಐಐಟಿ ಬಾಂಬೆ ನಡೆಸೋ ಸೀಡ್ (CEED) ಅನ್ನೋ ಪರೀಕ್ಷೆ ಇದೆ, ಸಾಮಾನ್ಯವಾಗಿ ಜನವರಿಲಿ, ಕಡೇಪಕ್ಷ ಮೂರು ವರ್ಷದ ಯಾವ ಡಿಗ್ರಿ ಆದ್ರೂ ಬರೀಬಹುದು, ವಯಸ್ಸಿನ ಮಿತಿ ಇಲ್ಲ. ಮೊದಲ ಭಾಗ ಕಂಪ್ಯೂಟರಲ್ಲಿ, ಎರಡನೇ ಭಾಗ ಪೇಪರ್ ಮೇಲೆ ಕೈಯಲ್ಲೇ ಚಿತ್ರ ಬರೆದು ಯೋಚನೆ ವಿವರಿಸೋದು. ಪ್ರಶ್ನೆಪತ್ರಿಕೆ ಇಂಗ್ಲಿಷಲ್ಲಿ ಮಾತ್ರ, ಅದೊಂದು ಬೇಜಾರು. ಆ ಸ್ಕೋರಿಟ್ಕೊಂಡು ಬಾಂಬೆ, ಗುವಾಹಟಿ ಐಐಟಿಗಳಿಗೂ ನಮ್ಮ ಐಐಎಸ್‌ಸಿಯ ಡಿಸೈನ್ ವಿಭಾಗಕ್ಕೂ ಅರ್ಜಿ ಹಾಕಬಹುದು. ಎನ್‌ಐಡಿಯವರು, ಅಂದ್ರೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನವರು, ತಮ್ಮದೇ ಪರೀಕ್ಷೆ ಎರಡು ಹಂತದಲ್ಲಿ ಮಾಡ್ತಾರೆ, ಅವರ ಬೆಂಗಳೂರು ಕ್ಯಾಂಪಸಲ್ಲಿ ಇಂಟರಾಕ್ಷನ್ ಡಿಸೈನ್ ಅಂತಾನೇ ಕೋರ್ಸಿದೆ. ಅದು ಇರೋದು ತುಮಕೂರು ರಸ್ತೆಯಿಂದ ಸ್ವಲ್ಪ ಒಳಗೆ, ನಾಲ್ಕು ವರ್ಷ ತಿಪಟೂರು ಬಸ್ಸಲ್ಲಿ ಅದರ ಹತ್ರಾನೇ ತೂಕಡಿಸ್ಕೊಂಡು ಹೋಗಿದೀನಿ, ಅಲ್ಲೊಂದು ಇಂಥ ಕಾಲೇಜಿದೆ ಅಂತ ಗೊತ್ತೇ ಇರ್ಲಿಲ್ಲ.

ಅಮೆರಿಕದಲ್ಲಿ ಕಾರ್ನೆಗಿ ಮೆಲನ್‌ನವರು 1994ರಲ್ಲೇ ಎಚ್‌ಸಿಐಗೆ ಅಂತ ಪ್ರತ್ಯೇಕ ಸಂಸ್ಥೆ ಮಾಡಿದ್ರು. ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿಲಿ ನಾಲ್ಕು ವಿಭಾಗ ಸೇರಿ ಒಂದು ವರ್ಷದ ಕೋರ್ಸ್ ನಡೆಸ್ತಾರೆ. ಜಾರ್ಜಿಯಾ ಟೆಕ್‌ನಲ್ಲಿ ಕಂಪ್ಯೂಟರ್ ಕಡೆಯಿಂದ್ಲೂ ಬರಬಹುದು, ಸೈಕಾಲಜಿ ಕಡೆಯಿಂದ್ಲೂ ಬರಬಹುದು. ಇದನ್ನ ನಿಮ್ಮ ಪುರವಣಿಲಿ ದಪ್ಪಕ್ಷರದಲ್ಲಿ ಹಾಕಬೇಕು ಸಾರ್, ಯಾಕಂದ್ರೆ ಮೈಸೂರಲ್ಲೋ ಧಾರವಾಡದಲ್ಲೋ ಬಿಎ ಸೈಕಾಲಜಿ ಓದ್ತಿರೋ ಹುಡುಗಿಗೆ ಇದು ತನ್ನ ದಾರಿ ಅಂತ ಹೇಳೋರೇ ಇಲ್ಲ. ಅರ್ಜಿ ಕೊನೇ ದಿನ ಹೆಚ್ಚಿನ ಕಡೆ ಡಿಸೆಂಬರ್ ಜನವರಿ ಹೊತ್ತಿಗೆ, ಪೋರ್ಟ್‌ಫೋಲಿಯೊ ಕೆಲಸ ಯುಗಾದಿಗೆ ಶುರು ಮಾಡಿದ್ರೆ ದೀಪಾವಳಿಗೆ ಒಂದು ಹದಕ್ಕೆ ಬರತ್ತೆ. ದುಡ್ಡಿನ ವಿಷಯ ಮಾತ್ರ ನಿಜ ಹೇಳ್ಬೇಕು, ಎರಡನೇ ಸಲ ನನಗೆ ಅಮೆರಿಕದ ಒಂದು ಕಡೆ ಸೀಟು ಬಂತು, ಫೀಸು ಬಾಡಿಗೆ ಊಟ ಎಲ್ಲ ಸೇರಿಸಿ ಲೆಕ್ಕ ಹಾಕಿದ್ರೆ ಅರ್ಧ ಕೋಟಿ ದಾಟ್ತು, ಅಪ್ಪ ತೋಟ ಅಡ ಇಡೋಣ ಅಂದ್ರು, ನಾನೇ ಬೇಡ ಅಂದೆ. ಇಲ್ಲೇ ಎಂ.ಡಿಸ್ ಸೇರಿದೀನಿ. ಹೊಟ್ಟೆ ಉರಿ ಇಲ್ಲ ಅಂದ್ರೆ ಸುಳ್ಳಾಗತ್ತೆ.

ಅಪ್ಪ ತಾಲ್ಲೂಕಾಫೀಸಲ್ಲಿ ಗುಮಾಸ್ತರಾಗಿದ್ರು, ‘ನುಡಿ’ ಅನ್ನೋ ಸಾಫ್ಟ್‌ವೇರಲ್ಲಿ ಕನ್ನಡ ಟೈಪ್ ಮಾಡೋದು ಅವರಿಗೆ ನೀರು ಕುಡಿದಷ್ಟು ಸಲೀಸು. ಕೆ ಒತ್ತಿದ್ರೆ ಕ, ಶಿಫ್ಟ್ ಹಿಡಿದು ಒತ್ತಿದ್ರೆ ಖ, ನಡುವೆ ಎಫ್ ಒತ್ತಿದ್ರೆ ಒತ್ತಕ್ಷರ. ಮಗ್ಗಿ ಥರ ಒಂದು ವಾರಕ್ಕೆ ಬಾಯಿಗೆ ಬಂತು ಅಂತಿದ್ರು. ಇದರ ಹಿಂದಿರೋದು ಕೆ.ಪಿ. ರಾವ್ ಅವರ ಕೀಲಿಮಣೆ, ಅಷ್ಟೊಂದು ಅಕ್ಷರ ಗುಣಿತ ಒತ್ತಕ್ಷರ ಎಲ್ಲ 26 ಇಂಗ್ಲಿಷ್ ಕೀಗಳ ಮೇಲೆ ಕೂರಿಸಿದ್ರಲ್ಲ, ಅದು ಎಚ್‌ಸಿಐ ಅಲ್ಲದೆ ಇನ್ನೇನು. ನನ್ನ ಕನ್ಸಲ್ಟೆನ್ಸಿ ಬ್ಯಾಚಲ್ಲಿ ಆರು ಜನ ಕನ್ನಡದವರಿದ್ವಿ, ಒಬ್ಬರ ಪೋರ್ಟ್‌ಫೋಲಿಯೊದಲ್ಲೂ ಒಂದು ಕನ್ನಡ ಅಕ್ಷರ ಇರ್ಲಿಲ್ಲ, ನನ್ನದೂ ಸೇರಿ. ಅಮ್ಮ ಒಟಿಪಿ ಎಲ್ಲಿ ಬರ್ಕೊತಾರೆ ಅನ್ನೋದು ಸಿಯಾಟಲ್‌ನಲ್ಲಿ ಕೂತೋರಿಗೆ ಗೊತ್ತಾಗಲ್ಲ, ನಮಗೆ ಗೊತ್ತು, ಅದನ್ನೇ ಬಿಟ್ಟು ಊರೋರೆಲ್ಲ ಮಾಡಿರೋ ಹಾಡಿನ ಆ್ಯಪ್ ಹಿಡ್ಕೊಂಡು ಹೋಗಿದ್ವಿ.

ಮುಂದಿನ ಪುರವಣಿಲಿ ಈ ಓದಿಗೂ ಅರ್ಧ ಪುಟ ಕೊಡಿ ಅಂತ ಕೇಳ್ಕೊತೀನಿ. ಬರೆಯೋರು ಸಿಗದಿದ್ರೆ ನಾನೇ ಬರ್ಕೊಡ್ತೀನಿ, ದುಡ್ಡು ಬೇಡ.

ಇನ್ನೊಂದು ಮಾತು, ನಿಮ್ಮ ಪತ್ರಿಕೆಯ ಆ್ಯಪ್ ಬಗ್ಗೆ. ಅಪ್ಪನಿಗೆ ಈಗ ಅರುವತ್ನಾಲ್ಕು, ಅಕ್ಷರ ದೊಡ್ಡದು ಮಾಡ್ಕೊಂಡೇ ಓದಬೇಕು. ಆ ಬಟನ್ ಮೂರು ಚುಕ್ಕಿ ಒಳಗೆ ಅಡಗಿದೆ, ದೊಡ್ಡದು ಮಾಡಿಟ್ರೂ ಮಾರನೇ ದಿನ ತೆಗೆದ್ರೆ ಮತ್ತೆ ಚಿಕ್ಕದು, ಜತೆಗೆ ಒಂದು ಜಾಹೀರಾತು ಬಂದು ಪೂರ್ತಿ ಮುಚ್ಚತ್ತೆ, ಅದನ್ನ ತೆಗೆಯೋ ಇಂಟು ಗುರುತು ಸಾಸಿವೆ ಕಾಳಿನಷ್ಟು. ಅಪ್ಪ ಅದರ ಸುತ್ತಮುತ್ತ ನಾಲ್ಕು ಸಲ ಒತ್ತಿ ಯಾವುದೋ ಸೈಟಿನ ಬುಕಿಂಗ್ ಪೇಜಿಗೆ ಹೋಗಿ, ಫೋನ್ ಪಕ್ಕಕ್ಕಿಟ್ಟು, ಚಪ್ಪಲಿ ಮೆಟ್ಕೊಂಡು ಸರ್ಕಲ್ಲಿನ ಅಂಗಡಿಗೆ ಹೋಗಿ ಪೇಪರನ್ನೇ ತರ್ತಾರೆ. ನಿಮಗೆ ಅದು ಲಾಭಾನೇ ಇರಬಹುದು, ಆದ್ರೂ ಒಂದ್ಸಲ ನೋಡಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ತಿಪಟೂರು