ಎಕ್ಸ್‌ಟ್ರಾ ಲೈಟ್ ಹಾಕಿಸುವ ಮುಂಚೆ ಓದಿ

ಎಲ್ಲರಿಗೂ ಶರಣು. ಚಿಂಚೋಳಿ ಕಡೆ ಕಚ್ಚಾ ದಾರಿಯ ಟ್ರಿಪ್‌ಗೆ ಹೊರಡುವ ಮುಂಚೆ ಗಾಡಿ ಲೈಟ್ ಬಗ್ಗೆ ಎರಡು ಮಾತು.

ಸುಮ್ನೆ ಉದ್ದದ ಲೈಟ್ ಬಾರ್ ತಂದು ಟಾಪ್ ಮೇಲೆ ಹಾಕಿಸಬೇಡಿ. ಅದರ ಬೆಳಕು ಬಾನೆಟ್‌ಗೆ ಬಡಿದು ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಮುಂದಿನ ಗಾಡಿಯ ಧೂಳಲ್ಲಂತೂ ಎದುರಿಗೆ ಬಿಳಿ ಗೋಡೆ ನಿಂತ ಹಾಗೆ. ನನ್ನನ್ನು ಕೇಳಿದರೆ ಬಂಪರ್ ಮೇಲೆ ಎರಡು ಲೈಟ್ ಸಾಕು. ತೊಗರಿ ಹೊಲದ ದಾರಿ, ಹಳ್ಳ ದಾಟುವಾಗ ನಾವು ಹೋಗುವುದೇ ನಿಧಾನ. ಅಲ್ಲಿ ಅಗಲಕ್ಕೆ ಹರಡುವ ಬೆಳಕು ಬೇಕು, ದೂರಕ್ಕೆ ಬೀಳುವ ಸ್ಪಾಟ್ ಅಲ್ಲ.

ಇನ್ನು ವೈರಿಂಗ್. ಹೆಡ್‌ಲೈಟ್ ವೈರಿಗೆ ಸುತ್ತಿ ಟೇಪ್ ಹಚ್ಚುವ ಕೆಲಸ ಬೇಡವೇ ಬೇಡ. 55 ವ್ಯಾಟ್‌ನ ಎರಡು ಹ್ಯಾಲೊಜೆನ್ ಅಂದರೆ 12 ವೋಲ್ಟ್‌ನಲ್ಲಿ 9 ಆಂಪಿಯರ್ ದಾಟುತ್ತದೆ. ತೆಳು ವೈರ್ ಕಾಯ್ದು ಕರಗುತ್ತದೆ. ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆಸಿ. ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್, ಆಮೇಲೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್-ಆಫ್ ಮಾಡುವ ಸ್ವಿಚ್. ಡ್ಯಾಶ್‌ಬೋರ್ಡಿನ ಸ್ವಿಚ್ ರಿಲೇ ಆನ್ ಮಾಡಲು ಮಾತ್ರ. ಅರ್ಥಿಂಗ್ ಕೊಡುವ ಜಾಗದಲ್ಲಿ ಪೇಂಟ್ ಕೆರೆದು ಬೋಲ್ಟ್ ಬಿಗಿಸಿ. ಲೈಟ್ ಮಿಣುಕುವ ಎಷ್ಟೋ ಗಾಡಿಗಳಲ್ಲಿ ದೋಷ ಇರೋದೇ ಅಲ್ಲಿ.

ಹುಮನಾಬಾದ್ ರೋಡ್ ಸೇರಿದ ಕೂಡಲೇ ಆಫ್ ಮಾಡಿ, ಕವರ್ ಹಾಕಿ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಎಷ್ಟೋ ಸಲ ಒಂದು ರಿಫ್ಲೆಕ್ಟರ್ ಕೂಡ ಇರಲ್ಲ. ಎದುರಿನ ಬೈಕಿನವನ ಕಣ್ಣಿಗೆ ನಿಮ್ಮ ಲೈಟ್ ಹೊಡೆದರೆ ಅವನಿಗೆ ಮುಂದಿನ ಟ್ರ್ಯಾಕ್ಟರ್ ಕಾಣೋದಾದರೂ ಹೇಗೆ? ಚಿಂಚೋಳಿ ಅಭಯಾರಣ್ಯದೊಳಗೆ ರಾತ್ರಿ ಈ ಲೈಟ್ ಹಾಕಿಕೊಂಡು ತಿರುಗುವ ಮಾತೇ ಇಲ್ಲ.

ಶನಿವಾರ ಸಂಜೆ ಗೋಡೆ ಎದುರು ಎಲ್ಲರ ಲೈಟ್ ಎತ್ತರ ಸೆಟ್ ಮಾಡೋಣ. ಪಾನಾ ನಿಮ್ಮದೇ ತನ್ನಿ.