ಸ್ಯಾಕ್ಸೋಫೋನ್ ಬದಲಿಸೋದಾ, ಇನ್ನೊಂದು ತಗೊಳ್ಳೋದಾ?

ಗೆಳೆಯರೇ, ಮೂರ್ನಾಲ್ಕು ಜನ ಇದನ್ನೇ ಕೇಳಿದ್ದೀರಿ, ಅದಕ್ಕೆ ಎಲ್ಲರಿಗೂ ಇಲ್ಲೇ ಬರೆಯುತ್ತಿದ್ದೇನೆ.

ದುಡ್ಡು ಹಾಕುವ ಮೊದಲು ಈಗಿರುವ ವಾದ್ಯವನ್ನು ಸರಿಯಾಗಿ ನೋಡಿ. ಕತ್ತಲೆ ಕೋಣೆಯಲ್ಲಿ ಅದರೊಳಗೆ ಚಿಕ್ಕ ಎಲ್‌ಇಡಿ ದೀಪ ಇಳಿಸಿ, ಕೀಗಳನ್ನು ಮೆಲ್ಲಗೆ ಒತ್ತಿ. ಪ್ಯಾಡ್ (ರಂಧ್ರ ಮುಚ್ಚುವ ಮೆತ್ತನೆಯ ಬಿಲ್ಲೆ) ಅಂಚಿನಲ್ಲಿ ಬೆಳಕಿನ ಗೆರೆ ಕಂಡರೆ ಅಲ್ಲಿ ಗಾಳಿ ಸೋರುತ್ತಿದೆ ಅಂತ ಅರ್ಥ. ನನ್ನ ಆಲ್ಟೋ ಸ್ಯಾಕ್ಸೋಫೋನ್‌ನಲ್ಲಿ ಕೆಳಗಿನ ಸ್ವರಗಳು ಸರಿಯಾಗಿ ಬರುತ್ತಲೇ ಇರಲಿಲ್ಲ, ಹೊಸದೇ ಬೇಕು ಅಂತ ತೀರ್ಮಾನ ಮಾಡಿಯಾಗಿತ್ತು, ಕೊನೆಗೆ ನೋಡಿದರೆ ಜಿ ಶಾರ್ಪ್ ಸ್ವರದ ಪ್ಯಾಡ್ ಕೂದಲೆಳೆಯಷ್ಟು ಎದ್ದಿತ್ತು. ಅದನ್ನು ಸರಿ ಮಾಡಿಸಿದ ದಿನ ಕೆಳಗಿನ ಬಿ ಫ್ಲಾಟ್ ಮೆತ್ತಗೆ ಊದಿದರೂ ತುಂಬಿ ಬಂತು. ಆ ಖುಷಿಯೇ ಬೇರೆ.

ರಿಪೇರಿ ಆದಮೇಲೂ ನಾದ ಹಿಡಿಸದಿದ್ದರೆ ಮೊದಲು ಮೌತ್‌ಪೀಸ್ (ಬಾಯಲ್ಲಿಟ್ಟು ಊದುವ ತುದಿ) ಬದಲಿಸಿ. ನಾದದಲ್ಲಿ ವ್ಯತ್ಯಾಸ ತರುವುದು ಅದೇ ಜಾಸ್ತಿ. ಆಮೇಲೂ ಕೀಗಳು ಬೆರಳಿಗೆ ಹೊಂದದೆ, ಶ್ರುತಿ ಅಲ್ಲಲ್ಲಿ ಜಾರುತ್ತಿದ್ದರೆ ಆಗ ವಾದ್ಯವನ್ನೇ ಬದಲಿಸುವುದು ಸರಿ.

ಎರಡನೇದು ಬೇಕಾಗುವುದು ಬೇರೆ ದನಿ ಬೇಕು ಅನ್ನಿಸಿದಾಗ. ಆಲ್ಟೋ ಇ ಫ್ಲಾಟ್ ಶ್ರುತಿಯದು, ಅದಕ್ಕಿಂತ ದೊಡ್ಡದಾದ ಟೆನರ್ ಸ್ಯಾಕ್ಸೋಫೋನ್ ಬಿ ಫ್ಲಾಟ್ ಶ್ರುತಿಯದು, ಬೆರಳಿಡುವ ಕ್ರಮ ಒಂದೇ. ಆದರೆ ಟೆನರ್‌ಗೆ ಉಸಿರು ಜಾಸ್ತಿ ಬೇಕು, ತುಟಿಯ ಹಿಡಿತ ಸ್ವಲ್ಪ ಸಡಿಲ ಇರಬೇಕು, ಕುತ್ತಿಗೆಗೂ ಭಾರ. ರೀಡ್ (ಮೌತ್‌ಪೀಸ್‌ಗೆ ಕಟ್ಟುವ, ಊದಿದಾಗ ಕಂಪಿಸುವ ತೆಳು ಪಟ್ಟಿ), ಮೌತ್‌ಪೀಸ್ ಎಲ್ಲ ಬೇರೆಯೇ. ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುವವರು ಅದನ್ನು ಎರಡಕ್ಕೆ ಹಂಚಬೇಕಾಗುತ್ತದೆ, ಅಲ್ವಾ? ಅವರು ಒಂದರಲ್ಲೇ ಇರಿ ಅನ್ನುತ್ತೇನೆ.

ಬದಲಿಸಲು ಹೋಗುವವರು ನಿಮ್ಮದೇ ಮೌತ್‌ಪೀಸ್, ರೀಡ್, ಟ್ಯೂನರ್ (ಶ್ರುತಿ ನೋಡುವ ಸಾಧನ) ಜೊತೆಗೆ ಒಯ್ಯಿರಿ. ಹಳೆಯದನ್ನು ತಕ್ಷಣ ಮಾರಬೇಡಿ, ಒಂದೆರಡು ತಿಂಗಳು ಹೊಸದನ್ನು ಊದಿ ನೋಡಿ.