ಸ್ಪೀಡ್ ಗನ್ ಎಲ್ಲಿತ್ತು ಎಂಬುದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಕಿರಿಯರ ಕ್ರಿಕೆಟ್ ಸುದ್ದಿಗಳಲ್ಲಿ ‘ಗಂಟೆಗೆ 138 ಕಿ.ಮೀ. ವೇಗದ ಎಸೆತ’ ಎಂಬಂಥ ಸಾಲುಗಳು ಈಗ ಮಾಮೂಲಾಗಿವೆ. ಚೆಂಡಿನ ವೇಗ ಅಳೆಯುವ, ಕೈಯಲ್ಲಿ ಹಿಡಿಯುವ ಸ್ಪೀಡ್ ಗನ್ ಅಭ್ಯಾಸದ ನೆಟ್ಸ್‌ಗಳಿಗೂ ಬಂದ ಮೇಲೆ ಅದು ಸಹಜವೇ. ಆದರೆ ಗನ್ ಹಿಡಿದವರು ಎಲ್ಲಿ ನಿಂತಿದ್ದರು, ಚೆಂಡು ಎಲ್ಲಿದ್ದಾಗ ಅಳತೆ ಸಿಕ್ಕಿತು ಎಂಬುದನ್ನು ಯಾರೂ ಬರೆಯುವುದಿಲ್ಲ. ಅದು ಗೊತ್ತಿಲ್ಲದಿದ್ದರೆ ಆ 138 ನಿಜವಾಗಿ 147 ಇರಬಹುದು, ಅಥವಾ ಚೆಂಡಿನದೇ ಅಲ್ಲದಿರಬಹುದು. ಆಯ್ಕೆಗಾರರೂ ಪೋಷಕರೂ ಈ ಅಂಕಿಯನ್ನೇ ನೆಚ್ಚಿಕೊಳ್ಳುತ್ತಿರುವುದರಿಂದ ಒಂದಿಷ್ಟು ವಿವರ ಹೇಳಬೇಕೆನಿಸಿತು.

ಇಂಥ ಗನ್‌ಗಳಲ್ಲಿ ಹೆಚ್ಚಿನವು 24 ಗಿಗಾಹರ್ಟ್ಸ್ ಆಸುಪಾಸಿನ ರೇಡಿಯೊ ಅಲೆಯನ್ನು ಬಿಡುತ್ತವೆ. ಚಲಿಸುವ ವಸ್ತುವಿಗೆ ಬಡಿದು ಮರಳುವಾಗ ಅಲೆಯ ಆವರ್ತನ ಬದಲಾಗಿರುತ್ತದೆ. ಆವರ್ತನ 24.15 ಗಿಗಾಹರ್ಟ್ಸ್ ಇದ್ದರೆ, ಗಂಟೆಗೆ 1 ಕಿ.ಮೀ. ವೇಗಕ್ಕೆ ಸುಮಾರು 44.7 ಹರ್ಟ್ಸ್ ವ್ಯತ್ಯಾಸ. ಗನ್ ಎಣಿಸುವುದು ಇದನ್ನೇ. ಎದುರಿಗಿರುವುದು ಚೆಂಡೋ ಬ್ಯಾಟೋ ಅದಕ್ಕೆ ತಿಳಿಯದು. ಅಲ್ಲದೆ, ನೇರ ತನ್ನತ್ತ ಬರುವ ಅಥವಾ ತನ್ನಿಂದ ದೂರ ಸರಿಯುವ ವೇಗದ ಪಾಲು ಮಾತ್ರ ಅದಕ್ಕೆ ಕಾಣುತ್ತದೆ.

ಹೀಗಾಗಿ ಮೊದಲು ನೋಡಬೇಕಾದದ್ದು ಕೋನ. ಚೆಂಡಿನ ದಾರಿಗೂ ಗನ್‌ನ ನೋಟಕ್ಕೂ ನಡುವೆ 10 ಡಿಗ್ರಿ ಇದ್ದರೆ 140ರ ಎಸೆತ 138 ಎಂದು ಕಾಣುತ್ತದೆ, ಅದನ್ನು ಸಹಿಸಿಕೊಳ್ಳಬಹುದು. 20 ಡಿಗ್ರಿ ಆದರೆ ಸುಮಾರು 132, 30 ಡಿಗ್ರಿ ಆದರೆ 121. ಪಾಯಿಂಟ್‌ನಲ್ಲೋ ಸ್ಕ್ವೇರ್ ಲೆಗ್‌ನಲ್ಲೋ, ಅಂದರೆ ಬ್ಯಾಟರ್‌ನ ಪಕ್ಕದ ದಿಕ್ಕಿನಲ್ಲಿ, ನಿಂತು ಗುರಿಯಿಟ್ಟರೆ ಬರುವ ಅಂಕಿಗೆ ಅರ್ಥವೇ ಇಲ್ಲ. ಇನ್ನೊಂದು ಸೂಕ್ಷ್ಮವಿದೆ. ಪಿಚ್‌ನ ಸಾಲಿನಿಂದ 2 ಮೀಟರ್ ಪಕ್ಕಕ್ಕೆ ನಿಂತವರಿಗೆ ಚೆಂಡು 20 ಮೀಟರ್ ದೂರವಿದ್ದಾಗ ಕೋನ 6 ಡಿಗ್ರಿಗಿಂತ ಕಡಿಮೆ, ತಪ್ಪು ಶೇ 0.5ರಷ್ಟೇ. ಅದೇ ಚೆಂಡು 4 ಮೀಟರ್ ಹತ್ತಿರ ಬಂದಾಗ ಕೋನ 26 ಡಿಗ್ರಿ ದಾಟುತ್ತದೆ, ತಪ್ಪು ಶೇ 10 ಮೀರುತ್ತದೆ. ಕೋನ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಆಮೇಲೆ ಲೆಕ್ಕ ಹಾಕಿ ಸರಿಪಡಿಸುತ್ತೇವೆ ಎನ್ನುವುದು ಬರೀ ಸಮಾಧಾನದ ಮಾತು. ಸಾಲಿನಲ್ಲೇ ನಿಲ್ಲುವುದು ಸುಲಭ.

ಎರಡನೆಯದು, ಅಳತೆ ಸಿಕ್ಕ ಜಾಗ. 140 ಕಿ.ಮೀ. ವೇಗದ ಕ್ರಿಕೆಟ್ ಚೆಂಡು ಗಾಳಿಯ ತಡೆಯಿಂದಲೇ ಮೀಟರಿಗೆ ಸುಮಾರು 1 ಕಿ.ಮೀ. ವೇಗ ಕಳೆದುಕೊಳ್ಳುತ್ತದೆ, ನೆಲಕ್ಕೆ ಬಿದ್ದಾಗ ಇನ್ನಷ್ಟು. ಚೆಂಡು ಚಿಕ್ಕದು, ಅದರಿಂದ ಮರಳುವ ಅಲೆ ದುರ್ಬಲ. ಸಾಧಾರಣ ಗನ್‌ಗಳು ಕಾರನ್ನು ನೂರಾರು ಮೀಟರ್ ದೂರದಿಂದ ಹಿಡಿದರೂ ಚೆಂಡನ್ನು ಹಿಡಿಯುವುದು 25–30 ಮೀಟರ್ ಒಳಗೆ ಮಾತ್ರ. ಬ್ಯಾಟರ್ ತುದಿಯ ಹಿಂದೆ ತೀರಾ ದೂರ ನಿಂತರೆ ಚೆಂಡು ಅರ್ಧ ದಾರಿ ಕ್ರಮಿಸಿದ ಮೇಲಷ್ಟೇ ಅಂಕಿ ಮೂಡುತ್ತದೆ. ಬ್ಯಾಟರಿ ಇಳಿದಿದ್ದರೆ ಇನ್ನೂ ತಡ. 2003ರ ವಿಶ್ವಕಪ್‌ನಲ್ಲಿ ಪಾಕಿಸ್ತಾನದ ವೇಗಿ ಶೋಯಬ್ ಅಖ್ತರ್ ಅವರ 161.3 ಕಿ.ಮೀ. ಎಸೆತದ ಪಕ್ಕದಲ್ಲಿ ನೆಟ್ಸ್‌ನ ಅಂಕಿ ಇಟ್ಟು ನೋಡುವವರು ಇದನ್ನು ಮರೆಯಬಾರದು: ಟಿ.ವಿ.ಯಲ್ಲಿ ಕಾಣುವುದು ಚೆಂಡು ಕೈಬಿಟ್ಟ ಕೂಡಲೇ ಸಿಕ್ಕ ವೇಗ.

ಕೋನವಾಗಲೀ ಗಾಳಿಯಾಗಲೀ ಅಂಕಿಯನ್ನು ಇಳಿಸುತ್ತವೆಯೇ ಹೊರತು ಏರಿಸುವುದಿಲ್ಲ. ಹಾಗಾದರೆ ಹದಿನೈದರ ಹುಡುಗನ ಹೆಸರಿನಲ್ಲಿ 150ರಂಥ ಅಂಕಿ ಬರುವುದು ಹೇಗೆ? ಹೆಚ್ಚಿನ ಸಲ ಬೇರೆ ವಸ್ತುವಿನಿಂದ. ಗನ್‌ನ ಅಲೆ ಲೇಸರ್‌ನಂತೆ ಸಣ್ಣ ಗೆರೆಯಲ್ಲ. 12 ಡಿಗ್ರಿ ಹರಡುವ ಗನ್ ಆದರೆ 25 ಮೀಟರ್ ದೂರದಲ್ಲಿ 5 ಮೀಟರಿಗೂ ಹೆಚ್ಚು ಅಗಲ ಆವರಿಸುತ್ತದೆ. ಪಕ್ಕದ ನೆಟ್‌ನ ಬೌಲರ್, ಮೈದಾನದಾಚೆ ರಸ್ತೆಯ ವಾಹನ, ಒಳಾಂಗಣದಲ್ಲಾದರೆ ತಿರುಗುವ ಫ್ಯಾನ್, ಎಲ್ಲವೂ ಅದರೊಳಗೆ. ಗರಿಷ್ಠ ವೇಗವನ್ನೇ ಹಿಡಿದಿಡುವ ‘ಪೀಕ್’ ಮೋಡ್‌ನಲ್ಲಿ ಇನ್ನೊಂದು ಆಟವಿದೆ. ಸ್ಪಿನ್ನರ್ 80ರಲ್ಲಿ ಎಸೆದದ್ದನ್ನು ಬ್ಯಾಟರ್ ನೇರ ಹಿಂದಕ್ಕೆ 110ರಲ್ಲಿ ಬಾರಿಸಿದರೆ ತೆರೆಯ ಮೇಲೆ ಉಳಿಯುವುದು 110. ಮೈಲಿಯ ಅಂಕಿಯನ್ನು ಕಿಲೋಮೀಟರ್ ಎಂದು ಓದುವ ಎಡವಟ್ಟೂ ಉಂಟು. ಅದು ಉಲ್ಟಾ ಹೊಡೆದು ವೇಗವನ್ನು ಕಡಿಮೆ ತೋರಿಸುತ್ತದೆ, ಗಂಟೆಗೆ 85 ಮೈಲಿ ಎಂದರೆ 137 ಕಿ.ಮೀ.

ಸರಿಯಾಗಿ ಅಳೆಯಬೇಕಾದರೆ ಬ್ಯಾಟರ್ ಬೇಡ, ಒಂದು ಸ್ಟಂಪ್ ನೆಟ್ಟರೆ ಸಾಕು. ಅದರ ಹಿಂದೆ 3–4 ಮೀಟರ್ ದೂರದಲ್ಲಿ, ನೆಟ್‌ನ ಆಚೆಗೆ, ಪಿಚ್‌ನ ಸಾಲಿನಲ್ಲೇ ಟ್ರೈಪಾಡ್ ಇಟ್ಟು ಬೌಲರ್ ಚೆಂಡು ಬಿಡುವ ಎತ್ತರಕ್ಕೆ ಗುರಿ ಹಿಡಿಯಬೇಕು. ನೈಲಾನ್ ಬಲೆಯಿಂದ ತೊಂದರೆಯಿಲ್ಲ. ತಂತಿ ಜಾಲರಿ ಅಲೆಯನ್ನು ಚದುರಿಸುತ್ತದೆ, ಗನ್‌ನ ಮೂತಿಯನ್ನು ಜಾಲರಿಯ ಕಣ್ಣಿಗೆ ಒತ್ತಿ ಹಿಡಿಯಬೇಕು. ಬೌಲರ್ ಕೊನೆಯ ಜಿಗಿತ ತೆಗೆದಾಗ ಟ್ರಿಗರ್ ಒತ್ತಿ, ಚೆಂಡು ನೆಲ ಮುಟ್ಟುವಾಗ ಬಿಡಬೇಕು. ಬೌಲರ್ ಹಿಂದಿನಿಂದಲೂ ಅಳೆಯಬಹುದು, ಆದರೆ ಚೆಂಡು ಬಿಟ್ಟ ಮೇಲೆ ಅವನ ಮೈಯೇ ಅಡ್ಡ ಬರುತ್ತದೆ. ಒಂದೇ ಎಸೆತ ನಂಬುವುದಕ್ಕಿಂತ 6 ಎಸೆತಗಳಲ್ಲಿ ಅತಿ ಹೆಚ್ಚು, ಅತಿ ಕಡಿಮೆ ಬಿಟ್ಟು ಉಳಿದ ನಾಲ್ಕರ ಸರಾಸರಿ ಮೇಲು.

ಕೆಲವು ಗನ್‌ಗಳ ಜೊತೆ, ಅವನ್ನು ಪರೀಕ್ಷಿಸಲು, ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಬರುತ್ತದೆ. ಅದನ್ನು ಮರದ ತುಂಡಿಗೋ ಬೂಟಿನ ರಬ್ಬರಿಗೋ ಬಡಿದು, ಮೂತಿಯ ಮುಂದೆ ಕೆಲವು ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಅದರ ಮೇಲೆ ಕೊರೆದ ವೇಗವೇ ತೆರೆಯಲ್ಲಿ ಬರಬೇಕು. 24.15ರ ಗನ್‌ಗೆಂದು ಮಾಡಿದ 80 ಕಿ.ಮೀ. ಕವೆಯನ್ನು 34.7 ಗಿಗಾಹರ್ಟ್ಸ್ ಗನ್‌ಗೆ ಹಿಡಿದರೆ 56 ಎನ್ನುತ್ತದೆ. ಗನ್ ಕೆಟ್ಟಿಲ್ಲ, ಕವೆ ಬೇರೆಯದು. ಕವೆ ಪರೀಕ್ಷಿಸುವುದು ಗನ್‌ನ ಎಣಿಕೆಯನ್ನು ಮಾತ್ರ, ಅದು ಬಿಡುವ ಅಲೆಯ ಆವರ್ತನವನ್ನಲ್ಲ. ವಾಹನ ಸಂಚಾರವಿಲ್ಲದ ನೇರ ದಾರಿಯಲ್ಲಿ ಒಂದೇ ವೇಗದಲ್ಲಿ ಎದುರಿಗೆ ಬರುವ ಕಾರಿನ ಜಿ.ಪಿ.ಎಸ್. ವೇಗದೊಂದಿಗೆ ತಾಳೆ ನೋಡಿದರೆ ಎರಡೂ ಪರೀಕ್ಷೆ ಆದಂತೆ.

ಓಟಗಾರರ ಮೇಲೆ ಇದೇ ಗನ್ ತಿರುಗಿಸುವವರಿಗೆ ಒಂದೇ ಮಾತು: ಬೀಸುವ ಕಾಲು ದೇಹಕ್ಕಿಂತ ಎಷ್ಟೋ ವೇಗವಾಗಿ ಮುಂದೆ ಹೋಗುತ್ತದೆ, ಪೀಕ್ ಅಂಕಿಯನ್ನು ಓಟದ ವೇಗವೆಂದು ಬರೆಯಬೇಡಿ.

ಪತ್ರಿಕೆಯಲ್ಲಿ ಜಾಗದ ಅಭಾವ ಅರ್ಥವಾಗುತ್ತದೆ. ‘ಸ್ಟಂಪ್ ಹಿಂದಿನಿಂದ, ಬ್ಯಾಟರ್ ಇಲ್ಲದೆ, 6 ಎಸೆತಗಳ ಅಳತೆ’ ಎಂದು ಆವರಣದಲ್ಲಿ ಸೇರಿಸಿದರೂ ಸಾಕು. ವರದಿಗಾರರಿಗೆ ಆ ವಿವರ ಕೊಡಲಾಗದ ಶಿಬಿರದ ಅಂಕಿಯನ್ನು ಅಚ್ಚು ಹಾಕದಿರುವುದೇ ಲೇಸು.

ಇತಿ,
ಒಬ್ಬ ಕ್ರಿಕೆಟ್ ತರಬೇತುದಾರ